ಹಳೆಯ ಬಳ್ಳಿಯ ಕೆಂಪು ರಸ

ಕೈಗೆಟುಕದ ದ್ರಾಕ್ಷಿ ಹುಳಿ ಎಂಬ ಮಾತನ್ನು ಕೇಳದ ಕನ್ನಡಿಗರು ಇರಲಾರರು. ನರಿಯ ಆ ಕತೆ ನಮ್ಮ ಅಜ್ಜಿಯರೇ ಕಟ್ಟಿದ್ದೇನೋ ಎನ್ನುವಷ್ಟು ನಮ್ಮ ಮನೆಯದಾಗಿ ಹೋಗಿದೆ. ಆದರೆ ಅದರ ಮೂಲವಿರುವುದು ಗ್ರೀಸ್ ದೇಶದ ಈಸೋಪನ ಕತೆಗಳಲ್ಲಿ. ಎಂದರೆ ದ್ರಾಕ್ಷಿಯನ್ನು ಕುರಿತ ಗಾದೆ ಕೂಡ ಮೆಡಿಟರೇನಿಯನ್ ಸಮುದ್ರದ ದಂಡೆಯಿಂದಲೇ ನಮ್ಮಲ್ಲಿಗೆ ಬಂದದ್ದು. ವಿನೋದದ ಸಂಗತಿ ಇನ್ನೊಂದುಂಟು. ಬೆಂಗಳೂರಿನ ಸುತ್ತ ಬೆಳೆಯುವ, ಸಿಪ್ಪೆ ಹಿಸುಕಿದೊಡನೆ ತಿರುಳು ಜಾರಿ ಬಾಯಿಗೆ ಬೀಳುವ, ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ನಾಲಗೆ ನೀಲಿ ಮಾಡಿಕೊಂಡು ತಿಂದ ಕಪ್ಪು ದ್ರಾಕ್ಷಿಗೂ ನರಿಗೂ ಹೆಸರಿನ ನಂಟಿದೆ. ಆ ದ್ರಾಕ್ಷಿ ಯಾವ ಕಾಡುಬಳ್ಳಿಯ ಸಂತತಿಯೋ ಅದನ್ನು ಅಮೆರಿಕದವರು ‘ನರಿ ದ್ರಾಕ್ಷಿ’ ಎಂದೇ ಕರೆಯುತ್ತಾರೆ. ಅದರ ಗಾಢವಾದ ಪರಿಮಳವನ್ನು ಯುರೋಪಿನ ವೈನ್ ಪಂಡಿತರು ‘ನರಿ ವಾಸನೆ’ ಎಂದು ಮೂಗು ಮುರಿದು ಬದಿಗೆ ಸರಿಸಿದ್ದಾರೆ. ನಮಗೆ ಮಾತ್ರ ಅದೇ ದ್ರಾಕ್ಷಿಯ ನಿಜವಾದ ವಾಸನೆ!

ಈ ಲೇಖನ ದ್ರಾಕ್ಷಿಯ ಕೆಂಪು ರಸವನ್ನು, ಅದಕ್ಕಿಂತ ಹೆಚ್ಚಾಗಿ ಆ ರಸ ಕೊಡುವ ಹಳೆಯ ಬಳ್ಳಿಯನ್ನು ಕುರಿತದ್ದು. ಕುಡಿತವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಸಂಸಾರಸ್ಥರ ಕೈಗೆ ಹೋಗುವ ಪತ್ರಿಕೆಯಲ್ಲಿ ಅದು ಶೋಭಿಸುವುದೂ ಇಲ್ಲ. ಆದರೆ ಒಂದು ಬಳ್ಳಿ ಪರದೇಶದಿಂದ ಬಂದು, ಒಂದು ನೆಲದಲ್ಲಿ ಬೇರೂರಿ, ಕೊನೆಗೆ ಆ ನೆಲದ ಹೆಸರನ್ನೇ ಹೊತ್ತು ಬಾಳುವ ಕತೆ, ಊರು ಬಿಟ್ಟು ಬಂದು ವಾಶಿ, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆ ಮಾಡಿಕೊಂಡ ನಮ್ಮಂಥವರು ತಿಳಿಯತಕ್ಕದ್ದು ಎಂದು ನಮಗೆ ತೋರಿತು.

ಮೊದಲು ದೂರದ ಊರಿನ ಮಾತು. ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಪಿರನೀಸ್ ಪರ್ವತಕ್ಕೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ ರೂಸಿಯೋಂ ಎಂಬ ಸೀಮೆಯಿದೆ. ಅಲ್ಲಿಯ ಜನರ ಹಳೆಯ ಮಾತು ಫ್ರೆಂಚ್ ಅಲ್ಲ, ಕತಲಾನ್. 1659ರ ಪಿರನೀಸ್ ಒಪ್ಪಂದದಂತೆ ಈ ಸೀಮೆ ಸ್ಪೇನಿನ ಕೈತಪ್ಪಿ ಫ್ರಾನ್ಸಿಗೆ ಸೇರಿತು. 1700ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಸರಕಾರಿ ಕಾಗದಪತ್ರಗಳಲ್ಲಿ ಕತಲಾನ್ ಬಳಸಕೂಡದೆಂದು ಆಜ್ಞೆ ಹೊರಡಿಸಿದ. ಗಡಿಯ ಗೆರೆ ಆಚೀಚೆ ಸರಿಯಿತು, ಕಚೇರಿಯ ಭಾಷೆ ಬದಲಾಯಿತು, ಬೆಟ್ಟದ ಮೇಲಿನ ದ್ರಾಕ್ಷಿ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇತ್ತು. ಕಾಸರಗೋಡು, ಅಕ್ಕಲಕೋಟೆ, ಜತ್ತಗಳ ಕತೆ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೂಸಿಯೋಂ ಸೀಮೆಯ ಬೇಸಗೆ ಬಿರುಸಾದದ್ದು. ಮಳೆ ಬಹುಮಟ್ಟಿಗೆ ಚಳಿಗಾಲದ ಆಸುಪಾಸಿನಲ್ಲಿ ಬಿದ್ದು ಮುಗಿಯುತ್ತದೆ. ಬಡಗಣದಿಂದ ಬೀಸುವ ಒಣಗಾಳಿಗೆ ಎಲೆಯ ಮೇಲಿನ ತೇವ ನಿಲ್ಲುವುದಿಲ್ಲ. ಮೋರಿ ಎಂಬ ಊರಿನ ಬದಿಯಲ್ಲಿ ನೆಲವೆಂದರೆ ಪದರುಪದರಾಗಿ ಒಡೆಯುವ ಕರಿಕಲ್ಲು. ಅಂಥಲ್ಲಿ ಗ್ರೆನಾಶ್, ಕಾರಿನ್ಯಾನ್ ಎಂಬ ಎರಡು ಕಪ್ಪು ದ್ರಾಕ್ಷಿಗಳನ್ನು ಬೆಳೆಸುತ್ತಾರೆ. ಇವೂ ಅಲ್ಲಿಯ ಮೂಲನಿವಾಸಿಗಳಲ್ಲ. ಗಡಿಯಾಚೆ ಸ್ಪೇನಿನ ಆರಗಾನ್ ಸೀಮೆಯಿಂದ ಬಂದವೆಂದು ಬಹುಮಂದಿ ತಜ್ಞರ ಮತ. ಹಳೆಯ ತೋಟಗಳಲ್ಲಿ ಈ ಬಳ್ಳಿಗೆ ಚಪ್ಪರವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದ ಗಿಡದಂತೆ ಕತ್ತರಿಸಿ ಬಿಡುತ್ತಾರೆ. ಐವತ್ತು ಅರವತ್ತು ವರ್ಷ ದಾಟಿದ ಬಳ್ಳಿಯ ಕಾಂಡ ಸೊಟ್ಟಗೆ ತಿರುಚಿಕೊಂಡು, ಗಂಟುಗಂಟಾಗಿ, ಮುದುಕನ ಕೈಯಂತೆ ಕಾಣುತ್ತದೆ. ನೂರು ದಾಟಿದ ಬಳ್ಳಿಗಳೂ ಅಲ್ಲಲ್ಲಿ ಉಂಟು.

ಹಳೆಯ ಬಳ್ಳಿಗೆ ಏಕಿಷ್ಟು ಮರ್ಯಾದೆ? ಕಾರಣ ಸರಳವಾದದ್ದು. ಎಳೆಯ ಬಳ್ಳಿ ಹುರುಪಿನಿಂದ ಹೆಚ್ಚು ಗೊಂಚಲು ಬಿಡುತ್ತದೆ. ವಯಸ್ಸಾದಂತೆ ಗೊಂಚಲು ಕಡಿಮೆಯಾಗುತ್ತದೆ, ಕಾಯಿ ಸಣ್ಣದಾಗುತ್ತದೆ. ಕೆಂಪು ವೈನಿಗೆ ಬಣ್ಣ, ಒಗರು, ಪರಿಮಳಗಳೆಲ್ಲ ಬರುವುದು ಮುಖ್ಯವಾಗಿ ಸಿಪ್ಪೆಯಿಂದ. ಸಣ್ಣ ಕಾಯಿಯಲ್ಲಿ ನೀರಿಗೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು; ಆದ್ದರಿಂದ ರಸ ಗಟ್ಟಿ. ಜೊತೆಗೆ ಹಳೆಯ ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ, ದಪ್ಪ ಕಾಂಡದಲ್ಲಿ ಆಹಾರದ ಸಂಗ್ರಹ ಇರುತ್ತದೆ. ಒಂದು ವರ್ಷ ಮಳೆ ಕೈಕೊಟ್ಟರೂ ಅದು ಎಳೆಯ ಬಳ್ಳಿಯಷ್ಟು ಬೇಗ ಕಂಗೆಡುವುದಿಲ್ಲ. ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ನೆಲ ಒಗ್ಗದಿದ್ದರೆ, ಆರೈಕೆ ತಪ್ಪಿದರೆ, ಮುದಿ ಬಳ್ಳಿಯ ರಸವೂ ಸಪ್ಪೆಯೇ. ಆದರೂ ಒಂದು ಬಳ್ಳಿ ಐವತ್ತು ವರ್ಷ ಒಂದೆಡೆ ನಿಂತಿದೆ ಎಂದರೆ ಅದನ್ನು ಕೀಳದೆ ಕಾಪಾಡಲು ಎರಡು ಮೂರು ತಲೆಮಾರಿಗೆ ಕಾರಣವಿತ್ತು ಎಂದೇ ಅರ್ಥವಲ್ಲವೇ?

‘ಹಳೆಯ ಬಳ್ಳಿ’ ಎಂದು ಶೀಸೆಯ ಚೀಟಿಯ ಮೇಲೆ ಬರೆಯಲು ಎಷ್ಟು ವಯಸ್ಸಾಗಿರಬೇಕು ಎಂಬುದಕ್ಕೆ ಫ್ರಾನ್ಸಿನ ಕಾನೂನಿನಲ್ಲಿ ಕಟ್ಟಳೆಯಿಲ್ಲ. ಆಸ್ಟ್ರೇಲಿಯದ ಬರೋಸಾ ಕಣಿವೆಯವರು 2009ರಲ್ಲಿ ತಮ್ಮಷ್ಟಕ್ಕೆ ಒಂದು ಪಟ್ಟಿ ಮಾಡಿಕೊಂಡರು: 35 ವರ್ಷಕ್ಕೆ ಹಳೆಯದು, 70ಕ್ಕೆ ಉಳಿದುಬಂದದ್ದು, 100ಕ್ಕೆ ಶತಾಯುಷಿ, 125ಕ್ಕೆ ಪೂರ್ವಜ. 2024ರಲ್ಲಿ ದ್ರಾಕ್ಷಿ ಹಾಗೂ ವೈನಿನ ಅಂತಾರಾಷ್ಟ್ರೀಯ ಸಂಘಟನೆಯೂ ದಾಖಲೆಯಿರುವ 35 ವರ್ಷದ ಬಳ್ಳಿಯನ್ನು ಹಳೆಯದೆಂದು ಕರೆಯಬಹುದೆಂದು ನಿರ್ಣಯ ಮಾಡಿತು. ‘ದಾಖಲೆಯಿರುವ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಅಗತ್ಯ ಮುಂದೆ ಬೀಳಲಿದೆ.

ಇನ್ನು ನಮ್ಮ ಕಡೆಗೆ ಬರೋಣ. ಮೆಡಿಟರೇನಿಯನ್ ಸೀಮೆಯ ವೈನ್ ನಮ್ಮ ಕಡಲಿಗೆ ಬಂದದ್ದು ಇಂದು ನಿನ್ನೆಯಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ, ಭರೂಚದ ಬಂದರಿಗೆ ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ವೈನ್ ಇದೆ. ಇಟಲಿಯದಕ್ಕೆ ಹೆಚ್ಚು ಬೇಡಿಕೆ, ಸಿರಿಯದ ಕಡೆಯದೂ ಅರೇಬಿಯದ್ದೂ ಬರುತ್ತಿತ್ತು. ಅದೇ ಗ್ರಂಥ ‘ಕಲ್ಲಿಯೇನ’ ಎಂಬ ಬಂದರನ್ನೂ ಹೆಸರಿಸುತ್ತದೆ; ಅದು ನಮ್ಮಲ್ಲಿ ಎಷ್ಟೋ ಮಂದಿ ಪ್ರತಿದಿನ ಲೋಕಲ್ ಗಾಡಿ ಹಿಡಿಯುವ ಕಲ್ಯಾಣವೇ. ಎಲಿಫೆಂಟಾ ಎಂದು ನಾವು ಕರೆಯುವ ಘಾರಾಪುರಿ ದ್ವೀಪದಲ್ಲಿ ವೈನ್ ತುಂಬಿ ತರುತ್ತಿದ್ದ ರೋಮನ್ ಜಾಡಿಗಳ ಚೂರುಗಳು ಸಿಕ್ಕಿವೆ. ವಾಶಿಯ ಸೇತುವೆಯ ಕೆಳಗೆ ಹರಿಯುವ ಖಾಡಿಯ ನೀರು ಎರಡು ಸಾವಿರ ವರ್ಷಗಳ ಹಿಂದೆಯೇ ಆ ಕೆಂಪು ರಸದ ಹಡಗುಗಳನ್ನು ಹತ್ತಿರದಿಂದ ಕಂಡಿತ್ತು ಎನ್ನಬಹುದು.

ನಮ್ಮವರಿಗೂ ದ್ರಾಕ್ಷಿಯ ಮದ್ಯ ಅಪರಿಚಿತವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಾರಸವನ್ನು ‘ಮಧು’ ಎಂದು ಕರೆದು, ಅದು ಹುಟ್ಟುವ ನಾಡಿನ ಹೆಸರಿನಿಂದ ‘ಕಾಪಿಶಾಯನ’, ‘ಹಾರಹೂರಕ’ ಎಂದು ಎರಡು ಬಗೆ ಹೇಳುತ್ತದೆ. ಇವು ವಾಯವ್ಯದ ದೂರದ ನಾಡುಗಳು. ಕಪಿಶ ಇಂದಿನ ಅಫಘಾನಿಸ್ತಾನದಲ್ಲಿದೆ. ಊರಿನ ಹೆಸರಿನಿಂದ ವೈನನ್ನು ಗುರುತಿಸುವ ಪದ್ಧತಿ ಫ್ರಾನ್ಸಿನವರದೊಂದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರ ಕಲ್ಯಾಣದಿಂದ ಆಳುತ್ತಿದ್ದ. ಇದು ನಮ್ಮ ರೈಲು ನಿಲ್ದಾಣದ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ಅವನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆ, ಬೇಟೆ, ಸಂಗೀತಗಳ ಜೊತೆಗೆ ದ್ರಾಕ್ಷಿ, ಕಬ್ಬು, ತಾಳೆ, ತೆಂಗು, ಖರ್ಜೂರಗಳ ಪಾನಗಳ ಪ್ರಸ್ತಾಪವೂ ಇದೆ. ನಮ್ಮ ಮನೆಗಳ ಔಷಧದ ಕಪಾಟಿನಲ್ಲಿ ನಿಂತ ದ್ರಾಕ್ಷಾರಿಷ್ಟದ ಶೀಸೆಯೂ ದೂರದ ಸಂಬಂಧಿಕನೇ ಸರಿ. ಅದು ಹುದುಗಿದ ದ್ರಾಕ್ಷಿಯ ರಸ. ಮಡಿವಂತರ ಮನೆಯಲ್ಲೂ ಅದಕ್ಕೆ ತಡೆಯಿರಲಿಲ್ಲ.

ದಖ್ಖಣದ ನೆಲದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದುದನ್ನು ಪರದೇಶದ ಪ್ರವಾಸಿಗಳು ಬರೆದಿದ್ದಾರೆ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತ ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆ ಎಂದು ಬೆರಗುಪಟ್ಟ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ ದೊಮಿಂಗೊ ಪಾಯೆಸ್ ಅಲ್ಲಿಯ ಪೇಟೆಯಲ್ಲಿ ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಸಿಗುತ್ತಿದ್ದವೆಂದು ಬೆಲೆಯನ್ನೇ ಬರೆದಿಟ್ಟ. ದಾಳಿಂಬೆಗಿಂತ ದ್ರಾಕ್ಷಿ ದುಬಾರಿ ಎಂಬುದು ಇದರಿಂದ ತಿಳಿಯುತ್ತದೆ. 1604ರ ಸುಮಾರಿಗೆ ವಿಜಾಪುರಕ್ಕೆ ಬಂದ ಅಕ್ಬರನ ದೂತ ಅಸದ್ ಬೇಗ್ ಆದಿಲಶಾಹಿ ಪೇಟೆಯ ಸಾಲಿನಲ್ಲಿ ಮದ್ಯದ ಅಂಗಡಿಗಳನ್ನೂ ಕಂಡ. ಇಂದು ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರವೇ. ತಿಕೋಟಾ ಕಡೆಯ ಒಣದ್ರಾಕ್ಷಿ ನಮ್ಮ ಪಾಯಸದ ಬಟ್ಟಲಿಗೂ ಬಂದು ಬೀಳುತ್ತದೆ. ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಮಾತಾಡುವ ರೈತರೂ ದ್ರಾಕ್ಷಿ ಬೆಳೆಯುತ್ತಾರೆ. 1996ರಲ್ಲಿ ಹಣ್ಣು ತರಕಾರಿಗಳ ಸಗಟು ಪೇಟೆ ಮುಂಬಯಿಯಿಂದ ವಾಶಿಗೆ ಬಂದ ಮೇಲೆ, ಮಾಘ ಫಾಲ್ಗುಣದಲ್ಲಿ ಆ ಕಡೆಯ ಪೆಟ್ಟಿಗೆಗಳು ಇಲ್ಲಿಯೇ ಇಳಿಯುತ್ತವೆ. ಆದರೆ ಅವು ಹೆಚ್ಚಾಗಿ ಬೀಜವಿಲ್ಲದ ಹಸಿರು ದ್ರಾಕ್ಷಿ, ತಿನ್ನುವ ಜಾತಿ. ನಾವು ಹೇಳಹೊರಟ ಕಪ್ಪು ದ್ರಾಕ್ಷಿಯ ದಾರಿ ಬೇರೆ.

ಬೆಂಗಳೂರಿನ ರೈತರು ‘ಕರಿ ದ್ರಾಕ್ಷಿ’ ಎನ್ನುವ, ಪುಸ್ತಕಗಳಲ್ಲಿ ‘ಬೆಂಗಳೂರು ನೀಲಿ’ ಎಂದಿರುವ ಜಾತಿಯ ನಿಜವಾದ ಹೆಸರು ಇಸಬೆಲ್ಲಾ. ಇದು ಅಮೆರಿಕದ ನರಿ ದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ ಮಿಶ್ರ ಸಂತಾನ. ಅಮೆರಿಕದ ದಕ್ಷಿಣ ಕೆರೊಲಿನಾದಿಂದ ಈ ಬಳ್ಳಿಯನ್ನು ಬ್ರೂಕ್ಲಿನ್ನಿನ ತನ್ನ ಹಿತ್ತಿಲಿಗೆ ತಂದು ನೆಟ್ಟವಳು ಇಸಬೆಲ್ಲಾ ಗಿಬ್ಸ್ ಎಂಬ ವರ್ತಕನ ಹೆಂಡತಿ. ವಿಲಿಯಂ ಪ್ರಿನ್ಸ್ ಎಂಬ ಸಸಿ ವ್ಯಾಪಾರಿ 1816ರಲ್ಲಿ ಅದನ್ನು ಪಡೆದು, ಆಕೆಯ ಹೆಸರನ್ನೇ ಇಟ್ಟು ಊರೂರಿಗೆ ಹಂಚಿದ. ತವರಿನ ಬಳ್ಳಿಯೊಂದನ್ನು ಹೊಸ ಊರಿನ ಹಿತ್ತಿಲಿಗೆ ತಂದು ನೆಡುವ ಹೆಂಗಸರನ್ನು ನಾವೂ ಬಲ್ಲೆವು. ನಮ್ಮ ಫ್ಲ್ಯಾಟುಗಳ ಬಾಲ್ಕನಿಯ ಕುಂಡಗಳಲ್ಲಿ ಬಸಳೆ, ಮಲ್ಲಿಗೆ, ದೊಡ್ಡಪತ್ರೆಗಳು ಬೇರೆ ಯಾವ ದಾರಿಯಿಂದ ಬಂದವು?

ಇಸಬೆಲ್ಲಾ ಗಟ್ಟಿಮುಟ್ಟಾದ ಬಳ್ಳಿ. ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 1850ರ ದಶಕದಲ್ಲಿ ಬೂದಿರೋಗ ಯುರೋಪಿನ ದ್ರಾಕ್ಷಿ ತೋಟಗಳನ್ನು ಕಾಡಿದಾಗ ಅಲ್ಲಿಯವರು ಅಮೆರಿಕದ ಬಳ್ಳಿಗಳನ್ನು ಆಸೆಯಿಂದ ತರಿಸಿಕೊಂಡರು. ಆದರೆ ಹಾಗೆ ತರಿಸಿದ ಬಳ್ಳಿಗಳ ಬೇರಿನ ಜೊತೆಯಲ್ಲಿ ಫಿಲಾಕ್ಸೆರ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹೇನೂ ಹಡಗು ಹತ್ತಿ ಬಂದಿತು. ಅಮೆರಿಕದ ಎಷ್ಟೋ ಬಳ್ಳಿಗಳು ಅದರ ಕಡಿತವನ್ನು ಸಹಿಸುತ್ತಿದ್ದವು; ಯುರೋಪಿನ ಬಳ್ಳಿಯ ಬೇರಿಗೆ ಆ ಶಕ್ತಿಯಿರಲಿಲ್ಲ. 1863ರ ಸುಮಾರಿಗೆ ಫ್ರಾನ್ಸಿನ ದಕ್ಷಿಣದಲ್ಲಿ ತೋಟಗಳು ಕಾರಣವಿಲ್ಲದೆ ಒಣಗತೊಡಗಿದವು. 1868ರಲ್ಲಿ ಪ್ಲಾನ್ಶೋನ್ ಎಂಬ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರರು ಬೇರನ್ನು ಅಗೆದು ನೋಡಿ ಹೇನನ್ನು ಗುರುತಿಸಿದರು. 1875ರಲ್ಲಿ ಸುಮಾರು 84 ಕೋಟಿ ಡೆಕಾಲೀಟರ್ ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ರ ಹೊತ್ತಿಗೆ 24 ಕೋಟಿಗೂ ಕೆಳಗೆ ಇಳಿಯಿತು. ಊರಿಗೆ ಊರೇ ದಿವಾಳಿಯಾಯಿತು. ಕೊನೆಗೆ ದೊರೆತ ಮದ್ದು ವಿಚಿತ್ರವಾದದ್ದು: ಅಮೆರಿಕದ ಬೇರಿನ ಮೇಲೆ ಯುರೋಪಿನ ಟೊಂಗೆಯನ್ನು ಕಸಿ ಕಟ್ಟುವುದು. ಕೇಡು ಬಂದ ಕಡೆಯಿಂದಲೇ ಪರಿಹಾರವೂ ಬಂದಿತು. ಇಂದು ರೂಸಿಯೋಂನಲ್ಲಿ ಹಳೆಯ ಬಳ್ಳಿಯೆಂದು ಮೆರೆಯುವ ಗ್ರೆನಾಶ್‌ನ ಕಾಲು ಕೂಡ ಬಹುತೇಕ ಅಮೆರಿಕದ್ದೇ. ಗ್ರೀಸಿನ ಸಾಂತೊರಿನಿ ದ್ವೀಪದಂಥ ಬೂದಿಮಣ್ಣಿನ ಕೆಲವೇ ಸ್ಥಳಗಳಲ್ಲಿ ಹೇನು ಬದುಕಲಾರದೆ ಹಳೆಯ ಬೇರು ಉಳಿದುಕೊಂಡಿತು.

ಇಷ್ಟಾದರೂ ಇಸಬೆಲ್ಲಾಗೆ ಅಲ್ಲಿ ಮನ್ನಣೆ ಸಿಗಲಿಲ್ಲ. ಫ್ರಾನ್ಸಿನಲ್ಲಿ ವೈನ್ ಅತಿಯಾಗಿ ಬೆಳೆದು ಬೆಲೆ ಕುಸಿದಿದ್ದ ಕಾಲದಲ್ಲಿ, 1934ರ ಕೊನೆಯಲ್ಲಿ, ಸರಕಾರ ಆರು ಮಿಶ್ರ ಜಾತಿಯ ದ್ರಾಕ್ಷಿಗಳನ್ನು ನಿಷೇಧಿಸಿತು. ಅವುಗಳಲ್ಲಿ ಇಸಬೆಲ್ಲಾ ಒಂದು. ವಾಸನೆ ಸರಿಯಿಲ್ಲ, ಆರೋಗ್ಯಕ್ಕೆ ಹಾನಿ ಎಂದು ಏನೇನೋ ದೂರು ಹೇಳಿದರು. ಬೇಡಿಕೆಗಿಂತ ಹೆಚ್ಚಾದ ವೈನನ್ನು ತಗ್ಗಿಸುವ ಅವಸರವೂ ಆ ಕಾನೂನಿನ ಹಿಂದೆ ಇತ್ತು. 2021ರ ಕೊನೆಯಲ್ಲಿ ಯುರೋಪ್ ಒಕ್ಕೂಟ ಮಿಶ್ರ ಜಾತಿಗಳ ವಿಷಯದಲ್ಲಿ ನಿಯಮ ಸಡಿಲಿಸಿದಾಗಲೂ ಈ ಆರನ್ನು ಹೊರಗೇ ಇಟ್ಟಿತು. ಒಂದು ಕಡೆ ಬಹಿಷ್ಕಾರಗೊಂಡ ಬಳ್ಳಿ ಇನ್ನೊಂದು ಕಡೆ ಊರಿನ ಹೆಮ್ಮೆಯಾದ ಕತೆಯೇ ಮುಂದಿನದು.

ಬೆಂಗಳೂರಿನ ಸುತ್ತ ಈ ದ್ರಾಕ್ಷಿಯ ಬೇಸಾಯಕ್ಕೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಕೆಂಪು ಮಣ್ಣು, ನಂದಿಬೆಟ್ಟದ ತಪ್ಪಲಿನ ತಂಪು ರಾತ್ರಿಗಳು ಅದಕ್ಕೆ ಒಗ್ಗಿದವು. ರೂಸಿಯೋಂನಲ್ಲಿ ಬಳ್ಳಿ ಮೊಣಕಾಲೆತ್ತರದ ಗಿಡವಾದರೆ ಇಲ್ಲಿ ಆಳೆತ್ತರದ ಚಪ್ಪರ. ಮರದ ಗೂಟಕ್ಕೆ ಗೆದ್ದಲು ಹತ್ತುತ್ತದೆಂದು ಬಂಡೆಯಿಂದ ಸೀಳಿ ತೆಗೆದ ಕಲ್ಲುಕಂಬಗಳನ್ನು ನೆಟ್ಟು, ಮೇಲೆ ತಂತಿ ಎಳೆದು, ಬಳ್ಳಿಯನ್ನು ಹಬ್ಬಿಸುತ್ತಾರೆ. ಬೇಸಗೆಯಲ್ಲಿ ಅದರ ಕೆಳಗೆ ನಿಂತರೆ ಮದುವೆ ಚಪ್ಪರದ ತಂಪು.

ಇನ್ನೊಂದು ದೊಡ್ಡ ವ್ಯತ್ಯಾಸ ಹವೆಯದು. ಮೆಡಿಟರೇನಿಯನ್ ಸೀಮೆಯಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ವರ್ಷಕ್ಕೊಮ್ಮೆ ಕತ್ತರಿ, ವರ್ಷಕ್ಕೊಮ್ಮೆ ಕೊಯ್ಲು. ನಂದಿಯ ತಪ್ಪಲಿನಲ್ಲಿ ಅಂಥ ಚಳಿಯಿಲ್ಲ. ಬಳ್ಳಿಗೆ ನಿದ್ದೆಯೇ ಇಲ್ಲ. ಆದ್ದರಿಂದ ರೈತ ವರ್ಷಕ್ಕೆರಡು ಸಲ ಕತ್ತರಿಸಿ ಎರಡು ಬೆಳೆ ತೆಗೆಯುತ್ತಾನೆ. ಇಬ್ನ್ ಬತೂತನಿಗೆ ಸೋಜಿಗವೆನಿಸಿದ್ದು ಇದೇ. ಲೆಕ್ಕ ಹಾಕಿ ನೋಡಿದರೆ, ಅಲ್ಲಿ ಐವತ್ತು ವರ್ಷದ ಬಳ್ಳಿ ಐವತ್ತು ಸಲ ಚಿಗುರಿದ್ದರೆ ಇಲ್ಲಿ ಇಪ್ಪತ್ತೈದು ವರ್ಷದ ಬಳ್ಳಿ ಆಗಲೇ ಐವತ್ತು ಸಲ ಚಿಗುರಿ ಫಲ ಕೊಟ್ಟಿರುತ್ತದೆ. ವಯಸ್ಸನ್ನು ವರ್ಷದಿಂದ ಅಳೆಯದೆ ದುಡಿಮೆಯಿಂದ ಅಳೆದರೆ ನಮ್ಮ ಬಳ್ಳಿ ಯಾರಿಗೂ ಕಿರಿಯದಲ್ಲ. ಮಳೆಗಾಲದ ತೇವವನ್ನೂ ಎಲೆರೋಗಗಳನ್ನೂ ತಡೆದುಕೊಂಡು ಹೀಗೆ ದುಡಿಯುವ ಶಕ್ತಿ ಆ ನರಿ ದ್ರಾಕ್ಷಿಯ ರಕ್ತದಿಂದಲೇ ಬಂದದ್ದು. ಯುರೋಪು ಯಾವುದನ್ನು ದೋಷವೆಂದಿತೋ ಅದರ ಜೊತೆಗೇ ಬಂದ ಗುಣ ಇದು.

ಈ ದ್ರಾಕ್ಷಿಯ ಹೆಚ್ಚಿನ ಪಾಲು ಹೋಗುವುದು ತಿನ್ನಲಿಕ್ಕೆ ಮತ್ತು ಹಣ್ಣಿನ ರಸಕ್ಕೆ. ಆದರೂ ವೈನಿನ ಸಂಬಂಧ ಹಳೆಯದು. ಬೆಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ, ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಕರಿ ದ್ರಾಕ್ಷಿಯನ್ನು ಹಿಚುಕಿ, ಸಕ್ಕರೆ, ಈಸ್ಟು, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಸೇರಿಸಿ, ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಮೂಲೆಯಲ್ಲಿಡುವ ರೂಢಿಯುಂಟು. ಉಪ್ಪಿನಕಾಯಿಯ ಜಾಡಿಗೆ ನಮ್ಮ ಹೆಂಗಸರು ತೋರುವ ನೇಮನಿಷ್ಠೆಯೇ ಆ ಜಾಡಿಗೂ ಸಲ್ಲುತ್ತದೆ. ಪೇಟೆಯಲ್ಲಿ ‘ಪೋರ್ಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಿಹಿಯಾದ ಅಗ್ಗದ ಕೆಂಪು ವೈನಿಗೂ ಬಹುವಾಗಿ ಬಳಕೆಯಾದದ್ದು ಇದೇ ದ್ರಾಕ್ಷಿ. ನಿಜವಾದ ಪೋರ್ಟು ಪೋರ್ಚುಗಲ್ಲಿನ ದೌರೊ ಕಣಿವೆಯದು. ಹೆಸರು ಅಲ್ಲಿಯದು, ರಸ ಇಲ್ಲಿಯದು, ಮರ್ಯಾದೆ ಮಾತ್ರ ಎಲ್ಲಿಯೂ ಇಲ್ಲ ಎಂಬಂತಾಗಿತ್ತು ನಮ್ಮ ಬಳ್ಳಿಯ ಪಾಡು.

ವಿಜ್ಞಾನಿಗಳು ಮಾತ್ರ ಇದರ ಬೆಲೆ ಅರಿತಿದ್ದರು. 1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೆಂಗಳೂರು ನೀಲಿಯನ್ನು ಬ್ಲಾಕ್ ಚಂಪಾ ಜಾತಿಯೊಡನೆ ಕೂಡಿಸಿ ‘ಅರ್ಕಾ ಶ್ಯಾಮ್’ ಎಂಬ ಹೊಸ ತಳಿಯನ್ನೂ, ಕಾನ್ವೆಂಟ್ ಲಾರ್ಜ್ ಬ್ಲಾಕ್ ಜಾತಿಯೊಡನೆ ಕೂಡಿಸಿ ‘ಅರ್ಕಾ ತೃಷ್ಣಾ’ ಎಂಬ ತಳಿಯನ್ನೂ ಬೆಳೆಸಿತು. 1988ರಲ್ಲಿ ಗ್ರೋವರ್ ಕಂಪನಿ ನಂದಿಯ ತಪ್ಪಲಿನಲ್ಲಿ ಫ್ರಾನ್ಸಿನ ಜಾತಿಗಳನ್ನು ಬೆಳೆಸಿ ವೈನ್ ತೆಗೆಯುವ ಉದ್ಯಮ ಆರಂಭಿಸಿತು. ಫ್ರಾನ್ಸಿನ ಹೆಸರಾಂತ ತಜ್ಞ ಮಿಶೆಲ್ ರೋಲಾಂಡ್ ಅದಕ್ಕೆ ಸಲಹೆಗಾರರಾದರು. ಮಹಾರಾಷ್ಟ್ರ 2001ರಲ್ಲಿ ವೈನ್ ನೀತಿ ತಂದು ನಾಸಿಕವನ್ನು ಮುಂದೆ ತಂದಿತು. ಕರ್ನಾಟಕ 2007ರಲ್ಲಿ ತನ್ನ ನೀತಿ ರೂಪಿಸಿ ನಂದಿ, ಕೃಷ್ಣಾ, ಕಾವೇರಿ ಕಣಿವೆಗಳನ್ನು ಗುರುತಿಸಿತು. ಹಂಪಿಯ ಸಮೀಪದ ಬಿಸಿಲು ನೆಲದಲ್ಲಿ ಇಟಲಿಯ ಸಾಂಜಿಯೊವೆಸೆ ಎಂಬ ಕೆಂಪು ವೈನಿನ ದ್ರಾಕ್ಷಿಯೂ ಬೇರೂರಿದೆ. ಪಾಯೆಸ್ ಗೊಂಚಲಿನ ಬೆಲೆ ಬರೆದುಕೊಂಡ ಊರಿನ ಬದಿಯಲ್ಲಿಯೇ!

ಈ ಹೊಸ ಬಳ್ಳಿಗಳ ಸಡಗರದ ನಡುವೆ ಹಳೆಯ ಬಳ್ಳಿಗೂ ಒಂದು ಗೌರವ ಬಂದಿತು. 2013ರಲ್ಲಿ ‘ಬೆಂಗಳೂರು ನೀಲಿ ದ್ರಾಕ್ಷಿ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಎಂದರೆ ಆ ಸೀಮೆಯಲ್ಲಿ ಬೆಳೆದದ್ದಕ್ಕಲ್ಲದೆ ಬೇರೆಯದಕ್ಕೆ ಆ ಹೆಸರು ಸಲ್ಲದು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತಗಳ ಪಂಕ್ತಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಳ್ಳಿಯೊಂದು ಕುಳಿತಿತು. ಹುಟ್ಟಿದ್ದೆಲ್ಲಿ ಎಂದು ಯಾರೂ ಕೇಳಲಿಲ್ಲ. ಎಷ್ಟು ಕಾಲ ನಿಂತಿತು, ನೆಲಕ್ಕೆ ಏನು ಕೊಟ್ಟಿತು ಎಂದು ನೋಡಿದರು. ಹೊರನಾಡಿನಲ್ಲಿ ಬಾಳುವವರಿಗೆ ಇದಕ್ಕಿಂತ ಸಮಾಧಾನದ ಮಾತು ಇನ್ನೇನಿದ್ದೀತು?

ಆದರೆ ಕತೆ ಇಲ್ಲಿಗೆ ಸುಖವಾಗಿ ಮುಗಿಯುವುದಿಲ್ಲ. 2008ರ ಮೇ 24ರಂದು ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಅದಕ್ಕೆ ಮುಂಚಿನಿಂದಲೂ, ಆಮೇಲಂತೂ ಇನ್ನಷ್ಟು ವೇಗವಾಗಿ, ನೆಲದ ಬೆಲೆ ಏರಿತು. ಎಕರೆ ಎಂದು ಮಾತಾಡುತ್ತಿದ್ದ ಊರುಗಳು ಚದರಡಿ ಎಂದು ಮಾತಾಡತೊಡಗಿದವು. ರೋಗಕ್ಕೆ ಸುಲಭವಾಗಿ ಜಗ್ಗದ ಬಳ್ಳಿ ಸೈಟಿನ ದರಕ್ಕೆ ಸೋತಿತು. ಚಪ್ಪರವಿದ್ದ ಎಷ್ಟೋ ಹೊಲಗಳಲ್ಲಿ ಈಗ ಬಡಾವಣೆಗಳಿವೆ. ಹೊಲ ಮಾರಿದ ರೈತನನ್ನು ನಾವು ದೂರಲಾರೆವು. ದ್ರಾಕ್ಷಿಯ ಬೆಲೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಮಗಳ ಮದುವೆ, ಮಗನ ಓದು ಕಾಯುವುದಿಲ್ಲ. ಆದರೆ ಎಲ್ಲರೂ ಮಾರಲು ಸಿದ್ಧರಿರಲಿಲ್ಲ ಎಂಬುದೂ ನಿಜ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು 1,777 ಎಕರೆ ಸ್ವಾಧೀನ ಮಾಡಿಕೊಳ್ಳುವ ಪ್ರಯತ್ನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಸರಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು.

ರೂಸಿಯೋಂನಲ್ಲೂ ಹಳೆಯ ಬಳ್ಳಿಗೆ ಇಂಥ ಕುತ್ತು ಬಂದದ್ದುಂಟು. ಕಾರಣ ಮಾತ್ರ ಬೇರೆ. ವೈನ್ ಹೆಚ್ಚಾಯಿತೆಂದು ಯುರೋಪಿನ ಆಡಳಿತ 1988ರಿಂದ ಕೆಲವು ವರ್ಷ, ಮತ್ತೆ 2008ರಿಂದ 2011ರವರೆಗೆ, ಬಳ್ಳಿ ಕಿತ್ತ ರೈತರಿಗೆ ಹಣ ಕೊಟ್ಟಿತು. ಕಡಿಮೆ ಫಲ ಕೊಡುವ ಮುದಿ ಬಳ್ಳಿಯನ್ನು ಕೀಳುವುದೇ ಲಾಭವಾದ್ದರಿಂದ ಕೊಡಲಿ ಅದರ ಮೇಲೆಯೇ ಮೊದಲು ಬಿದ್ದಿತು. ಉಳಿದವು ಅಪರೂಪವಾದ ಮೇಲೆ ಅವುಗಳ ರಸಕ್ಕೆ ಬೆಲೆ ಬಂದಿತು. ಬೆಲೆ ಬಂದ ಹೊತ್ತಿಗೆ ಬಳ್ಳಿ ಇರಲಿಲ್ಲ. ಇಂದು ನೆಟ್ಟರೆ ಐವತ್ತು ವರ್ಷದ ಬಳ್ಳಿ ಸಿಗುವುದು ಐವತ್ತು ವರ್ಷದ ಮೇಲೆಯೇ. ಅದಕ್ಕೆ ಅಡ್ಡದಾರಿ ಇಲ್ಲ.

ಈ ಮಾತು ಹೇಳುವಾಗ ನಾವು ಕುಳಿತ ನೆಲವನ್ನೂ ನೆನೆಯುವುದು ನ್ಯಾಯ. ನವಿ ಮುಂಬಯಿ ಬಯಲಿನಲ್ಲಿ ಎದ್ದ ಊರಲ್ಲ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ 95 ಹಳ್ಳಿಗಳ ನೆಲ ಹೊಸ ನಗರದ ಯೋಜನೆಗೆ ಸೇರಿದಾಗ ಇಲ್ಲಿ ಆಗ್ರಿ, ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಮಡಿ, ಮೀನಿನ ಖಾಡಿ ಇದ್ದವು. 1984ರ ಜನವರಿಯಲ್ಲಿ ಜಾಸಯಿಯಲ್ಲಿ ದಿ. ಬಾ. ಪಾಟೀಲರ ಮುಂದಾಳ್ತನದ ಚಳವಳಿಯಲ್ಲಿ ಐವರು ರೈತರು ಪ್ರಾಣ ಕೊಟ್ಟ ಮೇಲೆ, ಮುಂದೆ ಶೇಕಡಾ 12.5ರಷ್ಟು ಭೂಮಿಯನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಬಂದಿತು. ನಮ್ಮ ಮನೆಯ ಬಾಗಿಲು ಅವರ ಗದ್ದೆಯ ಬದುವಿನ ಮೇಲೆ ನಿಂತಿದೆ. ದೇವನಹಳ್ಳಿಯ ಚಪ್ಪರಕ್ಕಾಗಿ ಮರುಗುವ ಹಕ್ಕು ನಮಗೆ ಇರಬೇಕಾದರೆ ವಾಶಿಯ ಗದ್ದೆಯ ನೆನಪೂ ನಮಗಿರಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೇಲೆ ‘ದಾಖಲೆಯಿರುವ’ ಎಂದೆವಷ್ಟೆ. ದಕ್ಷಿಣ ಆಫ್ರಿಕದಲ್ಲಿ 35 ವರ್ಷ ದಾಟಿದ ತೋಟಗಳನ್ನು ಹುಡುಕಿ, ನೆಟ್ಟ ವರ್ಷವನ್ನು ದಾಖಲಿಸಿ, 2018ರಿಂದ ಶೀಸೆಯ ಮೇಲೆ ಆ ವರ್ಷವಿರುವ ಮುದ್ರೆ ಹಾಕುವ ಏರ್ಪಾಡು ನಡೆದಿದೆ. ನೆಟ್ಟ ವರ್ಷ ಕಂಡವನು ಬೆಲೆ ಕೊಡಲು ಹಿಂಜರಿಯುವುದಿಲ್ಲ. ಬೆಲೆ ಸಿಕ್ಕ ರೈತ ಕೊಡಲಿ ಎತ್ತುವುದಿಲ್ಲ. ನಂದಿಯ ತಪ್ಪಲಿನಲ್ಲಿ ಉಳಿದಿರುವ ಹಳೆಯ ಚಪ್ಪರಗಳಿಗೂ ತೋಟಗಾರಿಕೆ ಇಲಾಖೆ ಇಂಥದೊಂದು ವಹಿ ಇಡಬಹುದು. ಯಾವ ಊರು, ಎಷ್ಟು ಬಳ್ಳಿ, ಯಾವ ವರ್ಷ ನೆಟ್ಟದ್ದು: ಮೂರೇ ಅಂಕಣ ಸಾಕು. ಅದರಿಂದ ತೆಗೆದದ್ದು ವೈನೇ ಆಗಬೇಕೆಂದಿಲ್ಲ; ಮಕ್ಕಳು ಕುಡಿಯುವ ರಸವಾದರೂ ಸರಿ, ಬಳ್ಳಿ ಉಳಿದರೆ ಸಾಕು.

ನಮ್ಮ ಪಾಲಿನ ಕೆಲಸವೂ ಇದೆ. ರಜೆಯಲ್ಲಿ ಊರಿಗೆ ಹೋದಾಗ ದೇವನಹಳ್ಳಿಯ ರಸ್ತೆ ಬದಿಯಲ್ಲಿ ಕರಿ ದ್ರಾಕ್ಷಿಯ ಬುಟ್ಟಿ ಕಂಡರೆ ಬಂಡಿ ನಿಲ್ಲಿಸಿ ಕೊಳ್ಳೋಣ. ದರ ವಿಚಾರಿಸುವುದರ ಜೊತೆಗೆ, ಬಳ್ಳಿ ಯಾರ ಕಾಲದ್ದು ಎಂದೂ ವಿಚಾರಿಸೋಣ. ಅಜ್ಜನ ಕಾಲದ್ದೆಂದು ಹೇಳುವವರು ಇನ್ನೂ ಇದ್ದಾರೆ. ಅವರ ಮಾತನ್ನು ಮಕ್ಕಳಿಗೆ ಕೇಳಿಸೋಣ. ಹುಳಿಯೋ ಸಿಹಿಯೋ, ಈ ದ್ರಾಕ್ಷಿ ಸದ್ಯಕ್ಕಂತೂ ನಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿಯೇ ಇದೆ.